ಪ್ರಶ್ನೆಗೆ ಕತ್ತರಿ ಬೀಳುವುದಿಲ್ಲ

ಟಿವಿಯವರ ಜೊತೆ ದುಭಾಷಿಯಾಗಿ ತಿರುಗುವವರಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ ಹೆದರಬೇಕೋ ಎಂದು ಯೋಚಿಸುವಷ್ಟರಲ್ಲಿ ಮುಂದಿನದು ನಡೆದುಹೋಗಿರುತ್ತದೆ. ನಾನು ಕಾಸರಗೋಡಿನವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ. ತಮಿಳು ಬಂದದ್ದು ಸೇಲಂನ ಅತ್ತೆಯಿಂದ. ಅವರೊಡನೆ ಜಗಳವಾಡದೆ ವಿಧಿಯಿರಲಿಲ್ಲವಾದ್ದರಿಂದ ಬೇಗನೆ ಬಂತು. ಶ್ರೀಲಂಕಾದ ಯುದ್ಧ ಮುಗಿಯುತ್ತಾ ಬಂದ ಕಾಲಕ್ಕೆ, ದೋಣಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಆಶ್ರಯ ಕೇಳಬೇಕೆಂದು ಹೊರಟ ತಮಿಳರು ಕೇರಳದ ಕರಾವಳಿಯಲ್ಲಿ ಸಿಕ್ಕಿಬೀಳತೊಡಗಿದರು. ತಿರುವನಂತಪುರದ ಚಾನೆಲ್ಲೊಂದಕ್ಕೆ ತಮಿಳು ಬಲ್ಲವರು ಬೇಕಾದರು. ಅತ್ತೆಯ ಬೈಗುಳಕ್ಕೆ ಹೀಗೆ ಸಂಬಳ ಬರುತ್ತದೆಂದು ಯಾರು ಎಣಿಸಿದ್ದರು!

೧. ಕೇಳುವ ಮೊದಲೇ

ಮೊದಲ ಸಲ ಹೋದದ್ದು ಎರ್ನಾಕುಲಕ್ಕೆ. ಸಿಕ್ಕಿಬಿದ್ದ ಗುಂಪನ್ನು ಪೊಲೀಸರು ಒಂದು ಸಭಾಂಗಣದಲ್ಲಿ ಕೂರಿಸಿದ್ದರು. ನಮ್ಮ ವರದಿಗಾರ ತೆಳ್ಳಗಿನ ಯುವಕನೊಬ್ಬನನ್ನು ಆರಿಸಿ ಕುರ್ಚಿಯಲ್ಲಿ ಕೂರಿಸಿದ. ದೀಪ ಹತ್ತಿತು. ವರದಿಗಾರ ಇನ್ನೂ ಬಾಯಿ ತೆರೆದಿರಲಿಲ್ಲ, ಯುವಕ ಗೋಡೆ ನೋಡುತ್ತಾ ಶುರುಮಾಡಿಬಿಟ್ಟ.

“ಹೌದು, ತುಂಬ ಹೆದರಿಕೆ ಆಯ್ತು. ಇಲ್ಲ, ಈಜು ಬರುದಿಲ್ಲ. ಹೌದು, ಅಮ್ಮನ ನೆನಪಾಗ್ತದೆ. ಕೇರಳ ಒಳ್ಳೆದುಂಟು. ಮೀನು ಕರಿ ಇಷ್ಟ.”

ದನಿಯಲ್ಲಿ ಏರಿಳಿತವಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ವರದಿಗಾರನ ಮುಖ ಬಿಳಿಚಿತು. ಮಲಯಾಳದಲ್ಲಿ ಅಕ್ಕಾ ಎಂದು ಕರೆದು ನನ್ನನ್ನು ಕೇಳಿದ: “ಚೇಚೀ, ನಾನು ಕೇಳ್ಬೇಕು ಅಂತ ಇದ್ದದ್ದೆಲ್ಲ ಇವನಿಗೆ ಹೇಗೆ ಗೊತ್ತು?” ಧೈರ್ಯ ಮಾಡಿ ಯುವಕನನ್ನೇ ಕೇಳಿದೆ. “ಬೆಳಿಗ್ಗೆಯಿಂದ ಬಂದ ಟಿವಿಯವರೆಲ್ಲ ಇದನ್ನೇ ಕೇಳಿದ್ದು,” ಎಂದ. ಆಮೇಲೆ ನನ್ನ ಕಡೆ ತಿರುಗಿದ. ದನಿಗೆ ಜೀವ ಬಂತು. “ಅಕ್ಕಾ, ನನ್ನ ತಂಗಿ ಕಾಣ್ತಿಲ್ಲ. ಇಲ್ಲೇ ಕಲೂರಿನಲ್ಲಿ ದೋಣಿಯ ಏಜೆಂಟ ನಮ್ಮನ್ನು ಬೇರೆ ಬೇರೆ ವ್ಯಾನಿಗೆ ಹತ್ತಿಸಿದ. ಅವಳ ವ್ಯಾನು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಟಿವಿಯಲ್ಲಿ ಅದೊಂದು ಹಾಕಿಸಿ.”

ಒಂದಕ್ಷರ ಬಿಡದೆ ಅನುವಾದ ಮಾಡಿದೆ. ಸಂಜೆ ಟಿವಿ ನೋಡಿದರೆ ತಂಗಿಯ ಮಾತೇ ಇಲ್ಲ. “ಅದನ್ನು ನಾನು ಕೇಳ್ಲೇ ಇಲ್ಲವಲ್ಲ ಚೇಚೀ,” ಎಂದ ವರದಿಗಾರ, “ಕೇಳದ್ದಕ್ಕೆ ಉತ್ತರ ಹಾಕಿದ್ರೆ ಜನಕ್ಕೆ ಗೊಂದಲ ಆಗ್ತದೆ.” ಮೀನು ಕರಿ ಮಾತ್ರ ಬಂದಿತ್ತು. ಅದನ್ನೂ ಅವನು ಕೇಳಿರಲಿಲ್ಲ.

೨. ಸಾವಿನ ಸುದ್ದಿ ನೋಡಿದವರು

ಆಮೇಲೆ ಆ ಗುಂಪನ್ನು ತಿರುವನಂತಪುರಕ್ಕೆ ತಂದು ಉಳ್ಳೂರಿನ ಬಾಡಿಗೆ ಮನೆಯೊಂದರಲ್ಲಿ ಇಟ್ಟರು. ಅಲ್ಲಿ ಒಬ್ಬ ಅಜ್ಜಿಯನ್ನು ವರದಿಗಾರ ಕೇಳಿದ, “ನಿಮ್ಮವರಲ್ಲಿ ಯಾರು ಸತ್ತರು?”

“ಯಾರೂ ಇಲ್ಲ, ದೇವರು ದೊಡ್ಡವನು.”

“ಗಂಡ?”

“ಬಚ್ಚಲಲ್ಲಿದ್ದಾರೆ.”

ವರದಿಗಾರ ಪೆಚ್ಚಾದ. ಸ್ವಲ್ಪ ಯೋಚಿಸಿ, “ಒಂದು ವೇಳೆ ಸತ್ತಿದ್ದರೆ ನಿಮಗೆ ಹೇಗನಿಸ್ತಿತ್ತು?” ಎಂದ. ಅಜ್ಜಿ ಕಲ್ಪಿಸಿಕೊಂಡು ನೋಡಿದಳು. ನೋಡಿ, ಹೋ ಎಂದು ಅತ್ತಳು. ನಾನೂ ಅತ್ತುಬಿಟ್ಟೆ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು.

ಟಿವಿಯವರ ಒಂದು ಕ್ರಮವುಂಟು. ಸಂದರ್ಶನ ಮುಗಿದು ಎದುರಿನವರು ಎದ್ದುಹೋದ ಮೇಲೆ, ಕ್ಯಾಮೆರಾ ತಿರುಗಿಸಿ ವರದಿಗಾರನ ಪ್ರಶ್ನೆಗಳನ್ನು ಇನ್ನೊಮ್ಮೆ ಹಿಡಿದು ಉತ್ತರಗಳ ನಡುವೆ ಸೇರಿಸುತ್ತಾರೆ. ಖಾಲಿ ಕುರ್ಚಿಯನ್ನು ನೋಡಿ ಒಬ್ಬ ಮನುಷ್ಯ ಮರುಕದಿಂದ ತಲೆಯಾಡಿಸುತ್ತಾ ಮಾತಾಡುವುದನ್ನು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಈ ಸಲ ಅವನು ಪ್ರಶ್ನೆಯನ್ನು ಚಿಕ್ಕದು ಮಾಡಿ ಕುರ್ಚಿಗೆ ಕೇಳಿದ: “ಗಂಡನನ್ನು ಕಳೆದುಕೊಂಡಾಗ ಹೇಗನಿಸಿತು?”

ಸಂಜೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದರಂತೆ, ಅಜ್ಜ ನಟ್ಟನಡುವೆ. ಪರದೆಯಲ್ಲಿ ಅಜ್ಜಿ ಅವರಿಗಾಗಿ ಅಳುತ್ತಿದ್ದಾಳೆ. ಅಕ್ಕಪಕ್ಕ ಕೂತವರು ಮೆಲ್ಲ ದೂರ ಸರಿದರಂತೆ. ಅಜ್ಜ ತಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರಂತೆ. ಮರುದಿನ ನಮ್ಮ ಆಫೀಸಿಗೆ ಬಂದು ತಗ್ಗಿದ ದನಿಯಲ್ಲಿ, “ನಾನು ಹೇಗೆ ಸತ್ತೆ ಅಂತ ಒಂದು ಹೇಳ್ತೀರಾ?” ಎಂದು ಕೇಳಿದರು.

ವರದಿಗಾರನಿಗೆ ಪಾಪ, ನಿಜವಾಗಿಯೂ ನಾಚಿಕೆಯಾಯಿತು. ತಿದ್ದುಪಡಿ ಹಾಕಲೆಂದು ಆಗಲೇ ಕ್ಯಾಮೆರಾ ತರಿಸಿದ. ಮೊದಲ ಪ್ರಶ್ನೆ: “ಸತ್ತು ತಿರುಗಿ ಬಂದದ್ದು ಹೇಗನಿಸ್ತದೆ?”

೩. ಒಂದೇ ಹೌದು

ತಂಗಿಯನ್ನು ಹುಡುಕುತ್ತಿದ್ದ ಆ ಯುವಕ ಉಳ್ಳೂರಿನ ಮನೆಯ ಬಾಗಿಲಲ್ಲಿ ನಿಂತು ಖಾಲಿ ಕುರ್ಚಿಯ ಆಟವನ್ನೆಲ್ಲ ನೋಡಿದ್ದ. ಮುಂದಿನ ಸಲ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದ. “ಅಕ್ಕಾ, ನಾವು ಹೇಳಿದ್ದಕ್ಕೆ ಕತ್ತರಿ ಬೀಳ್ತದೆ. ಅವರು ಕೇಳಿದ್ದಕ್ಕೆ ಬೀಳುದಿಲ್ಲ. ತಂಗಿಯನ್ನು ಪ್ರಶ್ನೆಯ ಒಳಗೆ ಹಾಕಿ.” ಏಜೆಂಟನ ಭಯಕ್ಕೆ ಅವಳ ಹೆಸರು ಬೇಡವೆಂದು ಒಂದು ಗುರುತು ಹೇಳಿಕೊಟ್ಟ.

ನಾನು ವರದಿಗಾರನ ಬಳಿ ಹೋಗಿ, “ಪ್ರಶ್ನೆ ಉದ್ದ ಇದ್ರೆ ಪರದೆಯಲ್ಲಿ ನೀವು ಜಾಸ್ತಿ ಹೊತ್ತು ಕಾಣ್ತೀರಿ,” ಎಂದೆ. ಅವನ ಕಣ್ಣು ಮಿಂಚಿತು. ಆ ಸಂಜೆ ಇಡೀ ಕೇರಳ ಕೇಳಿತು: “ಕಲೂರಿನಲ್ಲಿ ಬೇರೆ ವ್ಯಾನು ಹತ್ತಿದ, ಎಡಗೆನ್ನೆಯಲ್ಲಿ ಸುಟ್ಟ ಕಲೆ ಇರುವ ನಿಮ್ಮ ತಂಗಿ ಇದನ್ನು ನೋಡಿ ನಮ್ಮ ಸ್ಟುಡಿಯೋಗೆ ಫೋನ್ ಮಾಡಿದರೆ ನಿಮಗೆ ಹೇಗನಿಸೀತು?” ಯುವಕನ ಉತ್ತರಕ್ಕೆ ಎಂದಿನಂತೆ ಕತ್ತರಿ ಬಿತ್ತು.

ಮರುದಿನ ಫೋನುಗಳು ಬರತೊಡಗಿದವು. ವರದಿಗಾರ ಸ್ಪೀಕರ್ ಹಾಕಿ ತನ್ನ ಹರಕು ತಮಿಳಿನಲ್ಲಿ ತಾನೇ ವಿಚಾರಿಸಿದ. “ಎಡಗೆನ್ನೆಯಲ್ಲಿ ಸುಟ್ಟ ಕಲೆ ಉಂಟಲ್ಲ?” “ಹೌದು.” ಇನ್ನೊಬ್ಬಳು. “ಹೌದು.” ಮತ್ತೊಬ್ಬಳು, ಎಲ್ಲಿಂದಲೋ, ಅದೇ ಸಣ್ಣ ದನಿಯಲ್ಲಿ, “ಹೌದು.” ಒಬ್ಬಳೇ ಹೆಂಗಸು ಬೇರೆ ಬೇರೆ ಊರುಗಳಿಂದ ಮಾತಾಡುತ್ತಿದ್ದಾಳೇನೋ ಎಂದು ನನಗೆ ಭಯವಾಯಿತು. ಅವರು ಮೋಸಗಾರರಲ್ಲ. ಪ್ರತಿಯೊಬ್ಬಳ ಅಣ್ಣನೂ ಎಲ್ಲೋ ಕಾಣೆಯಾಗಿದ್ದ; ಹೌದೆಂದರೆ ಸಿಕ್ಕಾನು ಎಂದು ತಾವೇ ಕೆನ್ನೆಗೆ ಕಲೆ ಮೆತ್ತಿಕೊಂಡಿದ್ದರು. ನನಗೆ ತುಂಬ ಸಂಕಟವಾಯಿತು. ಕೊನೆಗೊಬ್ಬಳು, “ಕಲೆಯಾ? ಎಂಥ ಕಲೆ? ನನಗೆ ಯಾವ ಕಲೆಯೂ ಇಲ್ಲ!” ಎಂದು ರೇಗಿದಳು. “ಇವಳು ಸುಳ್ಳಿ,” ಎಂದು ವರದಿಗಾರ ಫೋನ್ ಇಟ್ಟುಬಿಟ್ಟ.

ಅಷ್ಟರಲ್ಲಿ ಯುವಕನನ್ನು ಉಳ್ಳೂರಿನಿಂದ ಕರೆತಂದರು. “ತುಂಬ ತಂಗಿಯಂದಿರು ಸಿಕ್ಕಿದ್ದಾರೆ, ಒಬ್ಬಳು ಮಾತ್ರ ಕಲೆಯೇ ಇಲ್ಲ ಅಂದ್ಲು,” ಎಂದ ವರದಿಗಾರ ಹೆಮ್ಮೆಯಿಂದ. ಯುವಕ ತಲೆಗೆ ಕೈಹೊತ್ತು ಕುಸಿದು ಕೂತ.

“ಅವಳೇ ಅಕ್ಕಾ! ಅವಳಿಗೆ ಕಲೆ ಇಲ್ಲ, ಅದನ್ನು ನಾನೇ ಸೇರಿಸಿದ್ದು. ಮೈಕು ಹಿಡಿದವರು ಎಂತ ಕೇಳಿದ್ರೂ ನಾವೆಲ್ಲ ಹೌದು ಅಂತೇವೆ. ಜಗಳಕ್ಕೆ ಬರುದು ಅವಳೊಬ್ಬಳೇ.”

ಅವಳು ಇನ್ನೊಮ್ಮೆ ಫೋನ್ ಮಾಡದಿದ್ದರೆ ಎಂದು ಹೆದರಿ ನಾನು ಫೋನಿನ ಹತ್ತಿರಕ್ಕೆ ಸರಿದೆ. ಯುವಕ ಫೋನನ್ನೇ ನೋಡುತ್ತಿದ್ದ.

ಫೋನ್ ಹೊಡೆದುಕೊಂಡಿತು. ಸ್ಪೀಕರ್ ಒತ್ತುವಷ್ಟು ತಾಳ್ಮೆ ನನಗಿರಲಿಲ್ಲ; ಹಾರಿ ಎತ್ತಿಕೊಂಡೆ. ಹಲೋ ಎನ್ನಲೂ ಬಿಡಲಿಲ್ಲ ಅವಳು. “ಚಿನ್ನದಂಥ ನನ್ನ ಕೆನ್ನೆ ಸುಟ್ಟ ಕತ್ತೆ ಯಾವುದು? ಮಾತಾಡ್ತಿದ್ದ ಹಾಗೇ ಫೋನ್ ಇಟ್ಟ ಕತ್ತೆ ಯಾವುದು?”

“ಎರಡೂ ಇಲ್ಲೇ ಉಂಟು ತಂಗೀ,” ಎಂದೆ, “ಮೊದಲು ನಿನ್ನ ಮನೆಯ ಕತ್ತೆಗೆ ಫೋನ್ ಕೊಡ್ತೇನೆ, ಹಿಡಿ.”