ಆಗಲಿರುವ ಬೀಗರ ಜೊತೆ ವಿಯೆಟ್ನಾಮಿಗೆ

ಸಿಂಧನೂರು ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಪ್ರವಾಸದ ಆಫೀಸು ಇದೆ. ಪರದೇಶಕ್ಕೆ ಹೊರಟವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಎಲ್ಲರೂ ತಲೆ ಆಡಿಸುತ್ತಾರೆ, ನಾನು ತರಿಸಿದ ಚಹಾ ಕುಡಿಯುತ್ತಾರೆ, ಎದ್ದು ಹೋಗಿ ಬೇಡವೆಂದದ್ದನ್ನೇ ಮಾಡುತ್ತಾರೆ. ಪ್ರತಿ ಪ್ರವಾಸದಲ್ಲೂ ಇದೇ ಹಾಡು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ನಿಲ್ಲುತ್ತದೆ. ಇವರು ವಿಮಾನ ಹತ್ತುತ್ತಾರೆ.

ಹೋದ ವರ್ಷದ ವಿಯೆಟ್ನಾಂ ಪ್ರವಾಸವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬೆಳೆಗೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಆ ಎಣ್ಣೆಯನ್ನು ಜೋರಾಗಿ ಮಾರಿದ ಅಂಗಡಿಯವರಿಗೆ ಕಂಪನಿಯೊಂದು ಕೊಟ್ಟ ಬಹುಮಾನ ಅದು. ಜೊತೆಗೆ ದಢೇಸುಗೂರಿನ ನಾಲ್ಕಾರು ಭತ್ತದ ರೈತರು, ಮಸ್ಕಿಯ ಒಬ್ಬ ನಿವೃತ್ತ ಬಸ್ ಕಂಡಕ್ಟರು ತಮ್ಮ ಖರ್ಚಿನಲ್ಲಿ ಸೇರಿಕೊಂಡರು. ಇಷ್ಟೇ ಆಗಿದ್ದರೆ ಎಲ್ಲರನ್ನೂ ಬೈದು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಬರುತ್ತಿದ್ದೆ. ಆದರೆ ಆ ಗುಂಪಿನಲ್ಲಿ ಲಿಂಗಸುಗೂರಿನ ಎಣ್ಣೆ ಅಂಗಡಿಯ ಸಾಹುಕಾರರೂ ಅವರ ಹೆಂಡತಿಯೂ ಇದ್ದರು. ಅವರ ಮಗನಿಗೆ ನನ್ನ ತಂಗಿಯನ್ನು ನೋಡಿ ಹೋಗಿದ್ದರು. ಹುಡುಗ ಒಪ್ಪಿದ್ದ. ಸಾಹುಕಾರರು ಮಾತ್ರ, "ಪ್ರವಾಸ ಮುಗಿಸ್ಕೊಂಡು ಬಂದು ಹೇಳ್ತೀವಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು.

ಹಿಂದಿನ ಸಂಬಂಧ ಮುರಿದದ್ದು ನನ್ನ ಬಾಯಿಯಿಂದ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಆ ವರನ ಸೋದರಮಾವ ನಮ್ಮ ಹುಡುಗಿ ಕಪ್ಪು ಎಂದ, ನಾನು ಅವನ ಬೋಳು ತಲೆಯ ಬಗ್ಗೆ ಒಂದೆರಡು ಮಾತು ಆಡಿದೆ. ತಪ್ಪೇನು ಅದರಲ್ಲಿ?

ಹೊರಡುವ ದಿನ ಅವ್ವ ಅಡ್ಡ ನಿಂತಳು. "ಅವ್ರು ಏನ್ ಮಾಡಿದ್ರೂ ನಕ್ಕೋತ ಇರು. ತುಟಿ ಬಿಚ್ಚಿದ್ರ ನೋಡು ಮತ್ತ." ಮಸ್ಕಿಯಲ್ಲಿ ಶಾಲೆ ಟೀಚರಾಗಿರುವ ತಂಗಿ ನನ್ನ ಚೀಲ ತುಂಬುತ್ತಾ ತಲೆ ಎತ್ತದೆ ಹೇಳಿದಳು, "ಅಕ್ಕ, ಈ ಹುಡುಗ ನನ್ನ ಮನಸಿಗಿ ಸೇರ್ಯಾನ." ಹಾಗಾಗಿ ನಗುತ್ತಲೇ ಹೊರಟೆ.

ಸಲಹೆ ಒಂದು: ಹೊತ್ತಿಗೆ ಸರಿಯಾಗಿ ಹೊರಡಿ

ಹೈದರಾಬಾದಿಗೆ ಹೋಗುವ ನಮ್ಮ ಬಸ್ಸು ಇನ್ನೇನು ಹೊರಡಬೇಕು, ಸಾಹುಕಾರರು ಒಂದು ಸೀನು ಸೀನಿದರು.

"ಒಂಟಿ ಸೀನು," ಎಂದರು ತಾವೇ. "ಇಳೀರಿ ಎಲ್ಲಾರೂ. ನೀರು ಕುಡದು ಕುಂತು ಹೋಗೋಣು."

ವಿಮಾನಕ್ಕೆ ತಡವಾಗುತ್ತದೆ ಎಂದೆ, ನಕ್ಕೋತ. ಮಸ್ಕಿಯ ಕಂಡಕ್ಟರು ಉಪಾಯ ಹೇಳಿದರು: "ಇಳಿಯೋದು ಯಾಕ್ರಿ? ಇನ್ನೊಂದು ಸೀನಿದ್ರ ಜೋಡಿ ಆತು. ಜೋಡಿ ಸೀನು ಶುಭ." ಸಾಹುಕಾರರಿಗೆ ಎರಡನೆಯ ಸೀನು ಬರಲೊಲ್ಲದು. ದಢೇಸುಗೂರಿನ ರೈತರೊಬ್ಬರು ಕೆಂಪು ಖಾರದ ಪುಡಿಯ ಪೊಟ್ಟಣ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದರು. ಎಸಿ ಬಸ್ಸು, ಕಿಟಕಿ ಎಲ್ಲ ಬಂದ್. ಮೊದಲು ಸಾಹುಕಾರರು, ಆಮೇಲೆ ಅವರ ಪಕ್ಕದವರು, ಆಮೇಲೆ ಹಿಂದಿನ ಸೀಟಿನವರೆಗೂ ಸೀನೋ ಸೀನು. ನನ್ನ ಕಣ್ಣು ಮೂಗು ಒಂದಾಗಿ ಹೋದವು.

ಸೀನು ಸಮ ಬಂತೋ ಬೆಸ ಬಂತೋ ಎಂಬ ಜಗಳ ಮುಗಿಸಿ, ಸಮ ಎಂದು ತೀರ್ಮಾನ ಮಾಡಿ ಅಂತೂ ಬಸ್ಸು ಬಿಟ್ಟರು. ಜವಳಗೇರಾದಲ್ಲಿ ಡ್ರೈವರು ಒಂದು ಸೀನಿದ. ಬಸ್ಸು ಮತ್ತೆ ನಿಂತಿತು.

ಸಲಹೆ ಎರಡು: ವಿಮಾನದಲ್ಲಿ ನಿಮ್ಮ ನಿಮ್ಮ ಸೀಟಿನಲ್ಲೇ ಕುಳಿತುಕೊಳ್ಳಿ

ಪ್ರತಿಯೊಬ್ಬರ ಸೀಟು ಮೊದಲೇ ಗೊತ್ತಾಗಿರುತ್ತದೆ, ಓಡಬೇಡಿ ಎಂದು ವಿಮಾನ ನಿಲ್ದಾಣದಲ್ಲಿ ಬಾಯಿ ಬಡಿದುಕೊಂಡೆ. ಕಂಡಕ್ಟರಿಗೆ ನಂಬಿಕೆ ಬರಲಿಲ್ಲ. ಜೀವಮಾನವೆಲ್ಲ ಮಸ್ಕಿಯ ಬಸ್ಸಿನಲ್ಲಿ ಸೀಟಿನ ಜಗಳ ಬಿಡಿಸಿದವರು ಅವರು. ಬಾಗಿಲು ದಾಟಿದ್ದೇ ತಡ, ಮುಂದಿನವರ ತಲೆಯ ಮೇಲಿಂದ ತಮ್ಮ ಟವೆಲ್ಲು ಬೀಸಿ ಕಿಟಕಿ ಪಕ್ಕದ ಸೀಟಿಗೆ ಒಗೆದರು.

ಆ ಸೀಟಿನ ಒಡೆಯ ಎತ್ತರದ ಬಿಳಿಯ ಮನುಷ್ಯ. ಟಿಕೆಟ್ಟು ನೋಡಿದ, ಸೀಟು ನೋಡಿದ, ಟವೆಲ್ಲು ನೋಡಿದ.

"ಟವೆಲ್ ಐತಲ್ರೀ, ಕಾಣಂಗಿಲ್ಲೇನು?" ಎಂದರು ಕಂಡಕ್ಟರು, ಬಹಳ ಮರ್ಯಾದೆಯಿಂದ.

ನಾನು ಮಾನ ಉಳಿಸಿಕೊಳ್ಳಲು ಜನರ ನಡುವೆ ನುಗ್ಗಿ ಹೋಗುವಷ್ಟರಲ್ಲಿ ಆ ಮನುಷ್ಯ "ಸಾರಿ" ಎಂದು ಹೇಳಿ, ಹಿಂದೆ ಹೋಗಿ ಖಾಲಿ ಇದ್ದ ಸೀಟಿನಲ್ಲಿ ಕುಳಿತ. ನನಗೆ ಸಿಟ್ಟು ಬಂದದ್ದು ಟವೆಲ್ಲಿಗಲ್ಲ, ಈ ಪುಣ್ಯಾತ್ಮ ಕ್ಷಮೆ ಕೇಳಿದ್ದಕ್ಕೆ. ಈಗ ಮಸ್ಕಿಯಿಂದ ಬರುವ ಪ್ರತಿಯೊಬ್ಬರೂ ಆಫೀಸಿನಲ್ಲಿ ಮೊದಲು ಕೇಳುವುದು, ವಿಮಾನಕ್ಕೆ ಯಾವ ಸೈಜಿನ ಟವೆಲ್ಲು ಒಯ್ಯಬೇಕು ಎಂದು.

ಸಲಹೆ ಮೂರು: ಚಪ್ಪಲಿ ಕೋಣೆಯ ಒಳಗೆ ಬಿಡಿ

ಹನೋಯಿಯ ಹೋಟೆಲಿನಲ್ಲಿ ಎಲ್ಲರೂ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಮಲಗಿದರು. ಅವು ಎಂಥ ಚಪ್ಪಲಿಗಳೆಂದರೆ, ಕಾಲುವೆ ಕೆಸರು ಕಂಡವು, ಮೂರು ಸಲ ಹೊಲಿಗೆ ಹಾಕಿಸಿಕೊಂಡವು. ಕಸ ತೆಗೆಯುವ ಹೆಣ್ಣುಮಗಳು ಅವನ್ನೆಲ್ಲ ಕಸವೆಂದೇ ತಿಳಿದು ಬೆಳಗಾಗುವಷ್ಟರಲ್ಲಿ ಚೀಲಕ್ಕೆ ತುಂಬಿ ಕಳಿಸಿಬಿಟ್ಟಿದ್ದಳು. ಅವಳದೇನೂ ತಪ್ಪಿಲ್ಲ.

ನಮ್ಮ ಮೂರು ತಾಲೂಕಿನ ಗಣ್ಯರು ಅಂದು ಹೋಟೆಲಿನ ಬಿಳಿ ಬಟ್ಟೆಯ ಸ್ಲಿಪ್ಪರ್ ಹಾಕಿಕೊಂಡು ಕೆರೆ ನೋಡಲು ಹೊರಟರು. ಸಾಹುಕಾರರು ದಾರಿಯುದ್ದಕ್ಕೂ ನನ್ನನ್ನೇ ಜಾಡಿಸಿದರು, ಚಪ್ಪಲಿ ಕಾಯುವುದು ನನ್ನ ಕೆಲಸವೆಂಬಂತೆ. "ಗುಡಿ ಮುಂದ ಚಪ್ಪಲಿ ಕಳದ್ರ ಪೀಡಾ ಹೋತು ಅಂತಾರ. ಹೋಟೆಲ್ ಒಳಗ ಕಳದ್ರ ಏನ್ ಹೋಗ್ತೈತಿ, ನೀನ ಹೇಳು ತಂಗಿ."

"ಚಪ್ಪಲಿ ಹೋಗ್ತಾವ್ರಿ," ಎಂದೆ ಹಲ್ಲು ಕಿರಿದು. ಪೀಡೆ ಪಕ್ಕದಲ್ಲೇ ನಡೆದು ಬರುತ್ತಿತ್ತು.

ಸಲಹೆ ನಾಲ್ಕು: ಪರರ ಹೊಲಕ್ಕೆ ಇಳಿಯಬೇಡಿ

ಇದನ್ನು ಯಾವ ಪ್ರವಾಸದ ಕಂಪನಿಯೂ ಹೇಳಿಕೊಡುವುದಿಲ್ಲ. ಸಿಂಧನೂರಿನಿಂದ ಹೋಗುವವರಿಗೆ ಮಾತ್ರ ಹೇಳಬೇಕಾದ ಸಲಹೆ.

ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ಹೊರಟಿದ್ದೆವು. ದಾರಿಯ ಎರಡೂ ಕಡೆ ತೆನೆ ಬಿಟ್ಟ ಭತ್ತ. ಬಸ್ಸಿನೊಳಗೆ ಕಲರವ ಎದ್ದಿತು. ಚರ್ಚು, ಗುಡಿ, ಕೊಲ್ಲಿ, ಗುಡ್ಡ ತೋರಿಸಿದಾಗೆಲ್ಲ ನಿದ್ದೆ ಹೊಡೆದಿದ್ದ ಜನ ಈಗ ಎದ್ದು ನಿಂತರು. "ಎರಡ ಮಿನಿಟ್" ಎಂದು ಸಾಹುಕಾರರು ಬಸ್ಸು ನಿಲ್ಲಿಸಿದರು. ಪ್ಯಾಂಟು ಮಡಚಿ ಸೀದಾ ಗದ್ದೆಗೆ ಇಳಿದರು. ಹಿಂದೆ ಎಲ್ಲರೂ.

ರೈತರು ತೆನೆ ಮುರಿದು ಕಾಳು ಹಲ್ಲಿಗೆ ಹಾಕಿ ಕಟಕ್ಕೆಂದು ಕಚ್ಚಿ, ಹಸಿ ಎಷ್ಟಿದೆ ಎಂದು ವಾದಕ್ಕೆ ಬಿದ್ದರು. ಸಾಹುಕಾರರು ಬುಡ ಅಲುಗಿಸಿ ನೋಡಿ, "ಜಿಗಿ ಹುಳ ಬಿದ್ದೈತಿ. ಇವರಿಗೆ ಯಾರೂ ಹೇಳಿಲ್ಲ" ಎಂದು ಮರುಗಿದರು. ಅಷ್ಟರಲ್ಲಿ ಹೊಲದ ಒಡತಿ, ಚೂಪು ಟೋಪಿಯ ಹೆಂಗಸು, ಎಣ್ಣೆ ಹೊಡೆಯುವ ಪಂಪನ್ನು ಬೆನ್ನಿಗೆ ಹಾಕಿಕೊಂಡು ಬದುವಿನ ಮೇಲೆ ಬಂದು ಗುಡುಗಿದಳು. ಸಾಹುಕಾರರು ಅದನ್ನು ಸ್ವಾಗತವೆಂದು ತಿಳಿದರು. ಕೈಸನ್ನೆ ಮಾಡಿ ಪಂಪು ಇಸಕೊಂಡು ತಮ್ಮ ಬೆನ್ನಿಗೆ ಏರಿಸಿ, ಹೊಡೆಯುವುದು ಹೇಗೆಂದು ತೋರಿಸತೊಡಗಿದರು.

"ತಡ ಆಗ್ತೈತ್ರಿ" ಎಂದೆ. ನಕ್ಕೆ. ಮತ್ತೆ ಹೇಳಿದೆ. ಕೈ ಮುಗಿದೆ. "ತಡಿ ತಂಗಿ, ಈ ಸಾಲು ಮುಗಿಸ್ತೀನಿ" ಎಂದರು. ಬಸ್ಸಿನ ಡ್ರೈವರು ಗಡಿಯಾರ ತೋರಿಸಿ ತಲೆ ಮೇಲೆ ಕೈ ಇಟ್ಟುಕೊಂಡ. ಅಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಏ ಸಾವ್ಕಾರ, ಇಳಸು ಆ ಪಂಪ ಕೆಳಗ. ನಿಮ್ಮಪ್ಪನ ಹೊಲ ಐತೇನಿದು? ಲಿಂಗಸುಗೂರಾಗ ನಿನ್ನ ಎಣ್ಣಿ ಕುಡದ ಹುಳ ದಪ್ಪ ಆಗ್ಯಾವು, ಇಲ್ಲಿಗಿ ಬಂದು ಸಾಯಸ್ತೀಯೇನು? ವಿಮಾನ ಅಂದ್ರ ನಿಮ್ಮೂರ ಟಂಟಂ ಆಟೋ ಅಲ್ಲ, ಕೈ ಮಾಡಿದ್ರ ನಿಲ್ಲಾಕ. ಇನ್ನೊಂದ್ ಹೆಜ್ಜಿ ಮುಂದ ಇಟ್ಟಿ ಅಂದ್ರ ನಿನ್ನ ಇಲ್ಲೇ ನಾಟಿ ಮಾಡಿ ಹೋಗ್ತೀನಿ. ಹತ್ತು ಬಸ್ಸು."

ಬದುವಿನ ಮೇಲೆ ಕಂಡಕ್ಟರು ಮೊಬೈಲು ಎತ್ತಿ ಹಿಡಿದಿದ್ದರು. ಕನ್ನಡ ಬಾರದ ಆ ಒಡತಿಗೂ ಪೂರ್ತಿ ಅರ್ಥವಾಗಿ, ಅವಳೂ ಬಸ್ಸಿನ ಕಡೆ ಬೆರಳು ತೋರಿಸಿದಳು. ಸಾಹುಕಾರರು ಪಂಪು ಕೊಟ್ಟು, ಕೆಸರುಗಾಲಲ್ಲಿ ಬಸ್ಸು ಹತ್ತಿ, ಕೊನೆಯ ಸೀಟಿನಲ್ಲಿ ಕುಳಿತರು.

ವಿಮಾನ ಸಿಕ್ಕಿತು. ಆದರೆ ಸಂಬಂಧ ಹೋಯಿತು ಎಂದು ನನಗೆ ಖಾತ್ರಿಯಾಯಿತು. ನಿಲ್ದಾಣದ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ. ತಂಗಿಯ ಮುಖ ಹೇಗೆ ನೋಡಲಿ?

ಪ್ರವಾಸವಿಡೀ ತುಟಿ ಬಿಚ್ಚದಿದ್ದ ಸಾಹುಕಾರರ ಹೆಂಡತಿ ಪಕ್ಕಕ್ಕೆ ಬಂದು ಕುಳಿತರು. "ಮೂವತ್ತು ವರ್ಷ ಆತು ನೋಡವ್ವ," ಎಂದರು, "ಇವ್ರನ್ನ ಒಂದ್ ಬಸ್ಸಿಗಾದ್ರೂ ಹೊತ್ತಿಗಿ ಸರಿಯಾಗಿ ಹತ್ಸಾಕ ನನ್ನ ಕೈಲೆ ಆಗಿಲ್ಲ. ನಿಮ್ಮ ತಂಗಿಗೂ ಹಿಂಗ ಬಾಯಿ ಐತೇನು?"

ನಾನು ಹೆದರಿ ಕಣ್ಣೊರೆಸಿಕೊಂಡೆ. "ಇಲ್ರಿ, ದೇವರಾಣೆ ಇಲ್ಲ. ಆಕಿ ಆಕಳಿನಂಥಾಕಿ. ಎದುರು ಮಾತಾಡಾಕಿ ಅಲ್ಲ."

ಅವರ ಮುಖ ಇಳಿಯಿತು. "ಹಂಗಾದ್ರ ಕಷ್ಟ," ಎಂದರು. "ನಮ್ಮನ್ಯಾಗ ಅಂಥಾದು ಒಂದು ಆಕಳ ನಾ ಅದೀನಲ್ಲ. ಇನ್ನೊಂದು ತಂದು ಏನ್ ಮಾಡ್ಲಿ?"

ಅಷ್ಟರಲ್ಲಿ ತಂಗಿಯ ಫೋನು ಬಂತು. ಒದ್ದೆ ಬೆರಳು ಎಲ್ಲೋ ತಾಗಿ ಸ್ಪೀಕರ್ ಆನ್ ಆಯಿತು.

"ಅಕ್ಕ, ಕಂಡಕ್ಟರ್ ಕಾಕಾ ಹೊಲದಾಗಿನ ವಿಡಿಯೋ ವಾಟ್ಸಾಪಿಗೆ ಹಾಕ್ಯಾರ, ನೋಡೀನಿ. ನೀ ಬೈದದ್ದು ಭಾಳ ಕಮ್ಮಿ ಆತು. ನಾ ಇದ್ದಿದ್ರ ಅವ್ರ ಕಾಲರ್ ಹಿಡದು ಎಳಕೊಂಡ್ ಬಂದು ಬಸ್ಸಿಗಿ ಒಗೀತಿದ್ದೆ. ಮದುವಿ ಆಗ್ಲಿ ಬಿಡ್ಲಿ, ಒಬ್ಬ ಮನುಷ್ಯಾನ ಹುಚ್ಚಾಟಕ್ಕ ಅಷ್ಟು ಮಂದಿ ಪರದೇಶದಾಗ ಉಳೀಬೇಕಿತ್ತೇನು? ವಯಸ್ಸಾದ ಮ್ಯಾಲ ಬುದ್ಧಿ ಇರಬಾರದೇನು?"

ಸಾಹುಕಾರರ ಹೆಂಡತಿ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ನಾ ನಿಮ್ಮ ಅತ್ತಿ ಮಾತಾಡಾಕತ್ತೀನವ್ವ," ಎಂದರು. "ಜರಾ ಇರು, ನಿಮ್ಮ ಮಾವಗ ಫೋನ್ ಕೊಡ್ತೀನಿ. ಇದನ್ನ ಅವ್ರಿಗೂ ಒಂದ್ ಸಲ ಹೇಳು."