ಆಗ್ನೆಸಳ ಮುದ್ರೆಗೆ ಬೆಸುಗೆ

ಬೆಳಗಿನ ಏಳು ಗಂಟೆಗೆ, ಅಂಗೈಯಲ್ಲೊಂದು ಕೆಸರಿನ ಹೆಂಟೆ ಹಿಡಿದುಕೊಂಡು, ಕ್ಲೆಮೆಂಟ್ ಬಂಟಿಂಗ್ ತನ್ನ ಸನಿಕೆಯನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡುತ್ತ ನಿಂತಿದ್ದ.

ಹೆಂಟೆಯೊಳಗೆ ಬಾದಾಮಿಯಾಕಾರದ ಸೀಸದ ತುಂಡೊಂದಿತ್ತು. ನಡುವೆ ಒಂದು ಹೂವು, ಸುತ್ತ ತಿರುಗುಮುರುಗು ಅಕ್ಷರಗಳು. ಹಳೆಯ ಕಾಲದವರು ಸಹಿಯ ಬದಲು ಮೇಣಕ್ಕೆ ಒತ್ತುತ್ತಿದ್ದ ಮುದ್ರೆ! ಹನ್ನೊಂದು ವರ್ಷ ಲೋಹ ಹುಡುಕುವ ಯಂತ್ರ ಹೆಗಲಿಗೇರಿಸಿ ಅಲೆದರೂ ಪ್ಯಾಂಟಿನ ಗುಂಡಿ, ಬಿಯರ್ ಡಬ್ಬಿಯ ಮುಚ್ಚಳಗಳಷ್ಟೇ ಸಿಕ್ಕಿದ್ದವು. ಇವತ್ತು ಭಗವಂತ ಕಣ್ಣುಬಿಟ್ಟಿದ್ದ. ಆದರೆ ಮುದ್ರೆಯ ನಟ್ಟನಡುವೆ, ಅಂಚಿನಿಂದ ಅಂಚಿಗೆ, ಆಳವಾದ ಒಂದು ಕಚ್ಚು ಬಿದ್ದಿತ್ತು.

"ಅಯ್ಯೋ ಪಾಪಿ, ಎಂಥಾ ಕೆಲ್ಸ ಮಾಡ್ದೆ!" ಎಂದು ಸನಿಕೆಯನ್ನು ಬೈದ.

ಹೊಲ ಹ್ಯೂಬರ್ಟ್ ರಿಕ್ಸನದು. ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಕ್ಲೆಮೆಂಟನಿಗೆ ಅಗೆಯಲು ಅನುಮತಿ ಕೊಟ್ಟ ಏಕೈಕ ಪುಣ್ಯಾತ್ಮ. ಕೊಡುವಾಗಲೇ ಹೇಳಿದ್ದ: "ಹಿಂದೆ ಬಂದೋನು ಒಂದು ಕಂಚಿನ ಪದಕ ಎರಡು ಹೋಳು ಮಾಡ್ದ. ನೀನೂ ಏನಾದ್ರೂ ಮುರಿದ್ಯೋ, ಅವತ್ತೇ ಗೇಟು ಬಂದ್." ನಲವತ್ತು ವರ್ಷ ಕಾಗದ ಹಂಚಿ ನಿವೃತ್ತನಾದ ಅಂಚೆಯವನ ಕಾಲುಗಳು ಈಗಲೂ ಮುಂಜಾನೆ ಆರಕ್ಕೆ ತಾವಾಗಿ ಏಳುತ್ತವೆ. ಆ ಹೊಲವೂ ಇಲ್ಲದಿದ್ದರೆ ಅವು ಎಲ್ಲಿಗೆ ಹೋಗಬೇಕು?

ಸಾಲದ್ದಕ್ಕೆ ಅವತ್ತೇ ಮೂರು ಗಂಟೆಗೆ ಊರ ಸಭಾಭವನಕ್ಕೆ ಪುರಾತತ್ವದ ಅಧಿಕಾರಿಣಿ ಬರುವವಳಿದ್ದಳು. ಸಿಕ್ಕಿದ್ದನ್ನು ಅವಳಿಗೆ ತೋರಿಸುವುದು ಪದ್ಧತಿ. ರಿಕ್ಸ್ ಮುಂದಿನ ಕುರ್ಚಿಯಲ್ಲೇ ಕೂರುತ್ತಾನೆ.

ಮನೆಯ ಮೆಟ್ಟಿಲು ಹತ್ತುವ ಮೊದಲೇ ಪಕ್ಕದ ಮನೆಯ ಎನಿಡ್ ಮಿಂಗೆ ಬೇಲಿಯ ಮೇಲಿಂದ ಕತ್ತು ಚಾಚಿದಳು. "ಯಾಕ್ ಕ್ಲೆಮ್, ಮುಖ ಹಳಸಿದ ಗಂಜಿ ಥರ ಆಗಿದೆ?"

ಬಚ್ಚಿಡಲು ಅವನಿಗೆ ಬರಲಿಲ್ಲ. ತೋರಿಸಿದ.

"ಸ್ಟಾನ್ಲೀ! ಬಾರಯ್ಯ ಇಲ್ಲಿ! ಕ್ಲೆಮ್ ಮುದ್ರೆ ಕೊಂದುಹಾಕಿದಾನೆ!"

ನಲ್ಲಿ, ಕೊಳಾಯಿ ಕೆಲಸದಲ್ಲಿ ಮುದುಕನಾದ ಅವಳ ಗಂಡ ಸ್ಟಾನ್ಲಿ, ಹಲ್ಲುಸೆಟ್ಟು ಹಾಕಿಕೊಳ್ಳುತ್ತ ಬಂದ. ಕಚ್ಚು ನೋಡಿ ನಕ್ಕ. "ಇಷ್ಟೇನಾ? ಸೀಸ ತಾನೆ? ನನ್ನ ಜೀವಮಾನವೆಲ್ಲ ಸೀಸದ ಪೈಪಿಗೆ ಬೆಸುಗೆ ಹಾಕಿದ್ದೇ ಆಯ್ತು. ಹತ್ತು ನಿಮಿಷದ ಕೆಲ್ಸ."

"ಮುಟ್ಟಬಾರ್ದು ಅಂತಾರಪ್ಪಾ..."

"ಮುರಿಯಬಾರ್ದು ಅಂತಾನೂ ಅಂತಾರೆ. ಮುರಿದ್ಯಲ್ಲ? ಬಾ ಒಳಗೆ."

ಎನಿಡ್ ಚರ್ಚಿನ ಹಿತ್ತಾಳೆ ದೀಪಗಳನ್ನು ಉಜ್ಜುವ ಸೇವೆಯವಳು. ಹಲ್ಲುಜ್ಜುವ ಬ್ರಷ್ಷು ಹಿಡಿದು ಕುಳಿತಳು. "ಇದೇನಿದು, ಕಚ್ಚಿನೊಳಗೆ ಕೆಟಲಿನ ತಳದ ಥರ ಬಿಳೀ ಹಕ್ಕಳೆ! ಬಿಡ್ತಾನೇ ಇಲ್ಲ," ಎಂದು ತಲೆಪಿನ್ನಿನಿಂದ ಕೆರೆದು ಕೆರೆದು ತೆಗೆದಳು. ಸ್ಟಾನ್ಲಿ ಬೆಸುಗೆ ಕಾಯಿಸಿ, ಉಸಿರು ಬಿಗಿಹಿಡಿದು, ಸುರಿದ. ಸ್ವಲ್ಪ ಹೆಚ್ಚೇ ಸುರಿದ. ಆಮೇಲೆ ಅರದಿಂದ ಉಜ್ಜಿದ.

ಮುದ್ರೆ ಈಗ ಮದುವೆಯ ಚಮಚೆಯ ಹಾಗೆ ಹೊಳೆಯುತ್ತಿತ್ತು.

"ಇದನ್ನ ಏಳುನೂರು ವರ್ಷದ್ದು ಅಂದ್ರೆ ಯಾರು ನಂಬ್ತಾರೆ?" ಕ್ಲೆಮೆಂಟನಿಗೆ ಅಳು ಬಂತು.

"ಸುಮ್ನಿರೋ. ಕ್ರಿಸ್‌ಮಸ್ ನಾಟಕದಲ್ಲಿ ಜ್ಞಾನಿಗಳ ಕಿರೀಟ ಹಳೇದು ಮಾಡಿದ್ಯಾರು? ನಾನು," ಎಂದು ಎನಿಡ್ ಕಡುಕಪ್ಪು ಚಹಾ ಕುದಿಸಿ ಮುದ್ರೆಯನ್ನು ಎರಡು ಗಂಟೆ ಅದರಲ್ಲಿ ಮುಳುಗಿಸಿಟ್ಟಳು.

ಮೂರು ಗಂಟೆಗೆ ಸಭಾಭವನ. ಅಧಿಕಾರಿಣಿ ಡಾಕ್ಟರ್ ಗರ್ನಿ ಮುದ್ರೆಯನ್ನು ಬೆಳಕಿಗೆ ಹಿಡಿದಳು. ಮೂಗು ಅರಳಿಸಿದಳು. "ಚಹಾ ವಾಸನೆ ಬರ್ತಿದೆಯಲ್ಲ?"

"ಫ್ಲಾಸ್ಕು... ಜೇಬಲ್ಲಿ ಚೆಲ್ಲಿತ್ತು ಮೇಡಂ." ಕ್ಲೆಮೆಂಟನ ಬೆನ್ನಿನ ಮೇಲೆ ಬೆವರು ಇರುವೆಯ ಸಾಲಿನಂತೆ ಇಳಿಯಿತು.

ಅವಳು ಮೆತ್ತನೆಯ ಜೇಡಿಮಣ್ಣಿಗೆ ಮುದ್ರೆ ಒತ್ತಿ ಎತ್ತಿದಳು. ತಿರುಗುಮುರುಗಿದ್ದ ಅಕ್ಷರಗಳು ಅದರಲ್ಲಿ ನೆಟ್ಟಗಾದವು. "'ಇದು ಆಗ್ನೆಸಳ ಮುದ್ರೆ'... ಹೆಂಗಸಿನದು! ಸೊಂಟಕ್ಕೆ ಕಟ್ಟಿಕೊಂಡು ಓಡಾಡಿರ್ತಾಳೆ. 'ಇಂಥವನ ಮಗಳು' ಅಂತಾನೂ ಇದೆ. ತಂದೆ ಹೆಸರಿನ ಜಾಗ ಮಾತ್ರ ಯಾರೋ ಬೆರಳಲ್ಲಿ ಒರಸಿದ ಹಾಗಿದೆ."

"ರಿಕ್ಸ್ ಅಂತ ಇದೆಯಾ ನೋಡಿ," ಎಂದ ರಿಕ್ಸ್ ಅರ್ಧ ಎದ್ದು. "ನಮ್ಮೋರು ಆ ನೆಲದಲ್ಲಿ ಯಾವ ಕಾಲದಿಂದಲೋ ಇದಾರೆ."

"ಓದೋಕೆ ಬರ್ತಿಲ್ಲ ರಿಕ್ಸ್ ಅವರೇ. ಆದ್ರೂ ಚೆಂದ ಇದೆ." ಅವಳು ನಿಟ್ಟುಸಿರಿಟ್ಟಳು. "ಇಂಥ ಇಡೀ ಮುದ್ರೆಗಳು ನಮ್ಮಲ್ಲಿ ರಾಶಿ ಇವೆ. ಯಜಮಾನಿ ಸತ್ತಾಗ ಅವಳ ಹೆಸರಲ್ಲಿ ಬೇರೆಯವರು ಒತ್ತಬಾರದು ಅಂತ ಮನೆಯವರೇ ನಡುಮಧ್ಯಕ್ಕೆ ಕಚ್ಚು ಹಾಕ್ತಿದ್ರು. ಅಂಥದೊಂದು ಕಚ್ಚು ಬಿದ್ದಿದ್ದು ಸಿಗಲಿ ಅಂತ ಇಪ್ಪತ್ತು ವರ್ಷದಿಂದ ಕಾಯ್ತಿದೀನಿ."

ಕ್ಲೆಮೆಂಟ್ ಬಂಟಿಂಗ್ ಕುರ್ಚಿ ಬೀಳಿಸಿಕೊಂಡು ಎದ್ದ. "ಇತ್ತು! ಮೇಡಂ, ಇತ್ತು! ನಟ್ಟನಡುವೆ! ದೇವರಾಣೆ!"

ಸಭೆಯೆಲ್ಲ ತಿರುಗಿತು. ಸ್ಟಾನ್ಲಿ ಟೋಪಿಯನ್ನು ಮುಖದ ಮೇಲೆಳೆದುಕೊಂಡ.

"ಏನಿತ್ತು?"

"ಕಚ್ಚು! ನನ್ನ ಸನಿಕೆ ತಗುಲಿ ಆಯ್ತು ಅಂದ್ಕೊಂಡು ಬೆಸುಗೆ ಹಾಕಿಸ್ಬಿಟ್ಟೆ..."

ಡಾಕ್ಟರ್ ಗರ್ನಿಯ ಮುಖದ ರಕ್ತವೆಲ್ಲ ಎಲ್ಲಿಗೋ ಹೋಯಿತು. "ಕಚ್ಚಿನೊಳಗೆ... ಏನಾದ್ರೂ ಇತ್ತಾ?"

"ಬಿಳೀ ಹಕ್ಕಳೆ ಇತ್ತಮ್ಮ," ಎಂದಳು ಎನಿಡ್ ಹೆಮ್ಮೆಯಿಂದ. "ಕೆಟಲಿನ ತಳದ ಥರ. ಒಂದು ಚೂರೂ ಬಿಡದ ಹಾಗೆ ಕೆರೆದೆ."

"ಸೀಸದ ಮೇಲೆ ಆ ಹಕ್ಕಳೆ ಕೂರೋಕೆ ನೂರಾರು ವರ್ಷ ಬೇಕು," ಎಂದಳು ಅಧಿಕಾರಿಣಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಅದು ಆಗ್ನೆಸ್ ಸತ್ತ ದಿನದ ಕಚ್ಚು."

ರಿಕ್ಸ್ ನಿಧಾನವಾಗಿ ಕೇಳಿದ, "ಅಂದ್ರೆ, ಬೆಳಗ್ಗೆ ನನ್ನ ಹೊಲದಲ್ಲಿ ಇವನು ಏನೂ ಹಾಳು ಮಾಡಿರ್ಲಿಲ್ಲ?"

"ಇಲ್ಲ. ಒಂದು ಗೀರೂ ಇಲ್ಲ."

"ಆಮೇಲೆ?"

ಅಧಿಕಾರಿಣಿ ಜೇಡಿಯ ಮೇಲೆ, ತಂದೆಯ ಹೆಸರಿರಬೇಕಿದ್ದ ನುಣುಪು ಜಾಗವನ್ನು ಬೆರಳಿನಿಂದ ಸವರಿದಳು.

ಕ್ಲೆಮೆಂಟ್ ಎಲ್ಲರ ಮುಖವನ್ನೂ ನೋಡಿದ. ಜೀವಮಾನದಲ್ಲಿ ಒಂದು ಕಾಗದವನ್ನೂ ಮಡಚದೆ ತಲುಪಿಸಿದವನು, ಈಗಲೂ ಸಹಾಯ ಮಾಡಲೇಬೇಕೆಂದು ಮನಸ್ಸು ಮಾಡಿದ.

"ಸನಿಕೆ ಸೈಕಲ್ಲಲ್ಲೇ ಇದೆ ಮೇಡಂ," ಎಂದ ಮೆಲ್ಲಗೆ. "ಕಚ್ಚು ಇದ್ದ ಜಾಗ ನನಗೆ ಸರಿಯಾಗಿ ನೆನಪಿದೆ. ಒಂದೇ ಏಟು..."

ಹ್ಯೂಬರ್ಟ್ ರಿಕ್ಸ್ ಎದ್ದ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಸರಿಸಿಟ್ಟ, ಹೊಲದ ಗೇಟಿಗೆ ಬೀಗ ಜಡಿಯಲು ಹೊರಟ.