ಉಡಿಯೊಳಗೆ ಹೋದ ಚಾರ್‌ಮಿನಾರ್

ಅಂದು ನಾನು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಎಮ್ಮೆ ಹಿಂಡಿದೆ. ಹದಿನೆಂಟು ಜೋಳದ ರೊಟ್ಟಿ ಬಡಿದೆ. ನಮ್ಮ ಯಜಮಾನರ ಲಿಂಗದ ಶಿವದಾರ ಸವೆದಿತ್ತು, ಹೊಸದು ಹೊಸೆದು ಕೊಟ್ಟೆ. ಎರಡು ಸೇರು ಹೆಸರುಕಾಳು ಕೇರಿದೆ. ಕೌದಿಯ ಹರಿದ ಮೂಲೆಗೆ ತೇಪೆ ಹಾಕಿದೆ. ಮಧ್ಯಾಹ್ನ ನಾದಿನಿ ಗಂಗವ್ವನಿಗೆ ಉಡಿ ತುಂಬಿ ನಿಲಂಗಾದ ಬಸ್ಸಿಗೆ ಕಳಿಸಿದೆ. ಈ ಕೊನೆಯ ಕೆಲಸದಲ್ಲಿ, ಐದು ಜನ ಮುತ್ತೈದೆಯರ ಎದುರಿಗೆ, ಅರಿಷಿಣ ಕುಂಕುಮ ಸಮೇತ, ನನ್ನ ಏಕಮಾತ್ರ ಆಸ್ತಿಯನ್ನು ನನ್ನ ಕೈಯಾರೆ ಆಕೆಯ ಸೆರಗಿಗೆ ಹಾಕಿದೆ. ಉಳಿದ ಕೆಲಸಗಳೆಲ್ಲ ಚೆನ್ನಾಗಿಯೇ ಆದವು.

ಆಸ್ತಿ ಎಂದರೆ ಒಂದು ಬೆಳ್ಳಿ ರೂಪಾಯಿ. ನಿಜಾಮಶಾಹಿಯ ಕಾಲದ್ದು, ಮೇಲೆ ಚಾರ್‌ಮಿನಾರ್ ಇದ್ದದ್ದು. ಗುಂಜೋಟಿಯಲ್ಲಿ ನಾನು ಚಿಕ್ಕವಳಿದ್ದಾಗ ಅಪ್ಪ ಹತ್ತಿ ಮಾರಿ ಬಂದ ದಿನ ಅಂಥದ್ದೊಂದನ್ನು ನನ್ನ ಅಂಗೈ ಮೇಲಿಟ್ಟು, ಮಿನಾರು ಎಣಿಸುವಷ್ಟು ಹೊತ್ತು ನೋಡಲು ಬಿಟ್ಟು, ಮತ್ತೆ ತೆಗೆದುಕೊಳ್ಳುತ್ತಿದ್ದ. ನಾಲ್ಕು ಮಿನಾರು, ನಡುವೆ ಒಂದು ಬಾಗಿಲು. ಆ ಬಾಗಿಲೊಳಗೆ ಹೋಗಬೇಕು ಅನ್ನುವುದು ಆವಾಗಿನಿಂದ ಬಂದ ಆಸೆ. ಮದುವೆಯಾದ ಮೇಲೆ ಯಜಮಾನರಿಗೆ ಹೇಳಿದೆ. ಅವರಿಗೆ ಉಮರಗಾದ ಪೇಟೆಯಲ್ಲಿ ಕಾಳಿನ ಅಂಗಡಿ. "ತೊಗರಿ ರಾಶಿ ಮುಗೀಲಿ, ಹೈದರಾಬಾದಕ್ಕ ಹೋಗೋಣು" ಅಂದರು. ಇಪ್ಪತ್ತೆರಡು ರಾಶಿ ಮುಗಿದವು. ನಡುವೆ ಪೋಲೀಸ್ ಆ್ಯಕ್ಷನ್ ಆಯಿತು, ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಚಲಾವಣೆಯಿಂದ ಹೋಯಿತು, ನಮ್ಮ ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿತು. ಮೊದಲು ಹೈದರಾಬಾದ ನಾನು ನೋಡದ ನಮ್ಮ ರಾಜಧಾನಿಯಾಗಿತ್ತು. ಈಗ ಅದು ನಾನು ನೋಡದ ಬೇರೆಯವರ ರಾಜಧಾನಿ. ನನ್ನ ಮಟ್ಟಿಗೆ ಇಷ್ಟೇ ರಾಜಕೀಯ.

ಆದರೂ ತುಪ್ಪ ಮಾರಿದ ರೊಕ್ಕದಲ್ಲಿ ಇಬ್ಬರ ಪ್ರಯಾಣಕ್ಕೆಂದು ಇಪ್ಪತ್ತೆಂಟು ರೂಪಾಯಿ ಕೂಡಿಹಾಕಿದ್ದೆ. ಅಷ್ಟರಲ್ಲಿ ಉದಗೀರದ ಸರಾಫರೊಬ್ಬರು ಸಂತೆಯ ದಿನ ಬಂದರು. ಹಳೆಯ ಬೆಳ್ಳಿ ಕೊಳ್ಳುವುದು, ಮಾರುವುದು ಅವರ ಉದ್ಯೋಗ. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಎರಡು ಚಾರ್‌ಮಿನಾರ್ ರೂಪಾಯಿಗಳನ್ನು ಜೋಡಿಸಿಟ್ಟರು.

"ಅಕ್ಕಾ, ನೀಟ ನೋಡ್ರಿ. ಬಾಗಿಲೊಳಗ ಒಂದು ಉರ್ದು ಅಕ್ಷರ ಅದ. ಈ ರೂಪಾಯಿದಾಗ ಪೂರಾ ಅದ. ಇದರಾಗ ಅರ್ಧಾ. ಅರ್ಧದ್ದು ಟಂಕಸಾಳ್ಯಾಗ ಸ್ವಲ್ಪ ದಿನ ಹೊಡದು ಬಿಟ್ಟಾರ. ಮಂದಿ ಎಲ್ಲಾ ಕರಗಿಸಿ ಕಾಲ್ಗೆಜ್ಜಿ ಮಾಡಿಸ್ಯಾರ. ಹುಡುಕಿದ್ರ ಸಿಗಂಗಿಲ್ಲ. ಇದು ಖರೇದಿ ಅಲ್ಲ, ಗುಂತವಣೂಕ."

ರೊಕ್ಕವನ್ನು ಬೆಳೆಯಲೆಂದು ಒಂದು ಕಡೆ ಹಾಕಿಡುವುದಕ್ಕೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಅಷ್ಟು ದೊಡ್ಡ ಮಾತನ್ನು ನನ್ನ ಹತ್ತಿರ ಯಾರೂ ಆಡಿರಲಿಲ್ಲ. ಇಪ್ಪತ್ತೆಂಟೂ ಕೊಟ್ಟು ಅರ್ಧ ಅಕ್ಷರದ್ದನ್ನು ಕೊಂಡುಬಿಟ್ಟೆ.

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರ ಎಡಗೈಯಲ್ಲಿ ಇಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದರು.

"ಬೆಳ್ಳಿ ತೂಕಕ್ಕ ಹಾಕಿದ್ರ ಎಷ್ಟು ಬರ್ತದ?"

"ಒಂದೂವರಿ ಬರಬಹುದ್ರಿ."

"ನೀ ಎಷ್ಟು ಕೊಟ್ಟಿ?"

ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕಾಳು ಪರೀಕ್ಷೆ ಮಾಡುವವರಂತೆ ಸಮಾಧಾನವಾಗಿ ಮಾತಾಡಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ನಾ ತೊಗರಿ ಕೊಂಡ್ರ ನಾಳೆ ಕೊಳ್ಳೋರು ನೂರು ಮಂದಿ ಅದಾರ. ಇದನ್ನ ಕೊಳ್ಳಾವ ಒಬ್ಬನ. ಅಂವಾ ನಿನಗ ಮಾರಿದವನ. ನೋಡಿ ಖುಷಿಪಡ್ಲಿಕ್ಕ ತಗೊಂಡಿದ್ರ ಅಕ್ಷರ ಪೂರಾ ಇದ್ದದ್ದು ಎರಡು ರೂಪಾಯಿಗೆ ಸಿಗ್ತಿತ್ತು. ಗಳಸ್ಲಿಕ್ಕ ಅಂದಿದ್ರ ಬೆಳ್ಳಿ ಗಟ್ಟಿ ತಗೋಬೇಕಿತ್ತು. ಎರಡೂ ಒಂದರಾಗ ಬೇಕಂದ್ರ ಹ್ಯಾಂಗ?"

"ನೀವು ನೋಡ್ರಿ, ಇನ್ನ ವರ್ಷಕ್ಕ ದುಪ್ಪಟ್ಟ ಆಗ್ತದ" ಅಂದೆ, ಸರಾಫರ ಧಾಟಿಯಲ್ಲಿಯೇ.

"ದುಪ್ಪಟ್ಟ ಆದ ದಿನ ನೀ ಮಾರ್ತೀ ಏನು?"

ಅವರ ತಾಟಿಗೆ ಇನ್ನೆರಡು ರೊಟ್ಟಿ ಹಾಕಿದೆ.

ನಿಜ ಹೇಳಬೇಕೆಂದರೆ ಗುಂತವಣೂಕ ಅನ್ನುವುದು ಯಜಮಾನರಿಗೆ ಹೇಳಲು ಇಟ್ಟುಕೊಂಡ ಮಾತು. ನನಗೆ ಬೇಕಾದದ್ದು ಮಧ್ಯಾಹ್ನದ ಕಾಲು ತಾಸು. ಮುಸುರೆ ತಿಕ್ಕಿ, ಕೈ ಒರೆಸಿ, ರೂಪಾಯಿಯನ್ನು ಬೆಳಕಿಂಡಿಯ ಕೆಳಗೆ ಹಿಡಿದರೆ ಮಿನಾರುಗಳ ನೆರಳು ಬಿದ್ದಂತೆ ಕಾಣುತ್ತಿತ್ತು. ಬಾಗಿಲ ಹತ್ತಿರ ನಿಂತವಳಂತೆ ಕೂರುತ್ತಿದ್ದೆ. ಒಳಗೆ ಏನಿರಬಹುದು? ತಂಪಾಗಿರಬಹುದು. ಯಾರಾದರೂ ಹೂ ಮಾರುತ್ತಿರಬಹುದು. ಎಮ್ಮೆ ಕೂಗುವವರೆಗೆ ಅಲ್ಲಿಯೇ ಇರುತ್ತಿದ್ದೆ.

ಹೀಗಿರುವಾಗ ಸರಾಫರಿಂದ ಚೀಟಿ ಬಂತು. ಹೈದರಾಬಾದದ ಸಾಹೇಬರೊಬ್ಬರು ಸೋಮವಾರ ಉದಗೀರಕ್ಕೆ ಬರುತ್ತಾರೆ, ಅರ್ಧ ಅಕ್ಷರದ ರೂಪಾಯಿಗೆ ಅರವತ್ತು ಕೊಡುತ್ತಾರೆ, ತಪ್ಪದೆ ತನ್ನಿ. ಅರವತ್ತು! ಇಬ್ಬರೂ ಹೈದರಾಬಾದಕ್ಕೆ ಹೋಗಿ, ನಾಲ್ಕು ದಿನ ಇದ್ದು, ಬಳೆ ಇಟ್ಟುಕೊಂಡು ಬರಬಹುದು. ಆದರೆ ರೂಪಾಯಿ ಹೋಗುತ್ತದೆ. ಬಾಗಿಲು ಮಾರಿ ಬಾಗಿಲು ನೋಡಲು ಹೋಗುವುದೇ? ಎರಡು ದಿನ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದೆ. ಮೂರನೆಯ ದಿನ ಮಾರುವುದೆಂದು ಗಟ್ಟಿ ಮಾಡಿದೆ. ಬೆಳ್ಳಿ ಕಪ್ಪಾಗಬಾರದು, ಸಾಹೇಬರ ಎದುರು ಹೊಳೆಯಬೇಕು ಎಂದು ರೂಪಾಯಿಯನ್ನು ಹಿತ್ತಾಳೆ ಡಬರಿಯ ಅಕ್ಕಿಯೊಳಗೆ ಹುಗಿದಿಟ್ಟೆ. ಅಕ್ಕಿಯಲ್ಲಿ ಬೆಳ್ಳಿ ಕಪ್ಪಾಗುವುದಿಲ್ಲವೆಂದು ಯಾರೋ ಹೇಳಿದ್ದರು. ಯಾರು ಹೇಳಿದ್ದರೆಂದು ನೆನಪಾದರೆ ಅವರಿಗೂ ಒಂದು ಉಡಿ ತುಂಬುತ್ತೇನೆ.

ಗಂಗವ್ವ ಬಂದದ್ದು ಅದೇ ವಾರ. ಯಜಮಾನರ ಒಬ್ಬಳೇ ತಂಗಿ. ಶನಿವಾರ ಹೊರಟು ನಿಂತಾಗ ಉಡಿ ತುಂಬಬೇಕು. ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಸಿ, ಖಣ, ಒಣಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಅಡಿಕೆ, ನಮ್ಮ ಮನೆಯ ಪದ್ಧತಿಯಂತೆ ಒಂದು ಬೆಳ್ಳಿ ರೂಪಾಯಿ ಹಾಕಿದೆ. ಯಜಮಾನರು ಪೇಟೆಯಿಂದ ತಂದ ಪೂರಾ ಅಕ್ಷರದ್ದು, ನೋಡಿಯೇ ಹಾಕಿದೆ. ಇನ್ನು ಐದು ಬೊಗಸೆ ಅಕ್ಕಿ. ಹೊಸ ಚೀಲ ಬಿಚ್ಚಿರಲಿಲ್ಲ. ಕೈಗೆ ಸಿಕ್ಕಿದ್ದು ಡಬರಿ.

ಮೂರನೆಯ ಬೊಗಸೆಯಲ್ಲಿ ಬೆರಳಿಗೆ ಏನೋ ತಣ್ಣಗೆ ತಗುಲಿತು. ನನಗೆ ಗೊತ್ತಾಯಿತು. ಆದರೆ ಉಡಿ ತುಂಬುವಾಗ ಬೊಗಸೆ ಹಿಂದಕ್ಕೆ ತೆಗೆಯುವುದುಂಟೇ? ಕೈ ಮುಂದೆ ಹೋಯಿತು, ಅಕ್ಕಿ ಸುರಿಯಿತು. ನಾಲ್ಕನೆಯದೂ ಹಾಕಿದೆ. ಐದನೆಯದೂ ಹಾಕಿದೆ. ಗಂಗವ್ವ ಸೆರಗು ಗಂಟು ಕಟ್ಟಿ, ನನ್ನ ಕಾಲಿಗೆ ನಮಸ್ಕರಿಸಿದಳು. "ಸುಖವಾಗಿರವ್ವಾ" ಅಂದೆ. ಆ ಧ್ವನಿ ನನ್ನದಲ್ಲವೆಂದು ಎಲ್ಲರೂ ನನ್ನ ಕಡೆ ನೋಡಿದರು. ನಾದಿನಿಯನ್ನು ಕಳಿಸುವ ದುಃಖ ಎಂದು ತಿಳಿದರು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಮೀಸೆ ಒರೆಸಿಕೊಂಡರು. ಮೀಸೆಯ ಮೇಲೆ ಏನೂ ಇರಲಿಲ್ಲ.

"ಉಡಿಗೆ ಹಾಕಿದ್ದು ತಿರುಗಿ ಕೇಳ್ತಾರೇನು?"

"ಕೇಳಂಗಿಲ್ರಿ. ಬದಲ ಮಾಡ್ತೀನಿ. ಇನ್ನೊಂದು ರೂಪಾಯಿ ಒಯ್ದು, ಆಕಿ ನೀರಿಗೆ ಹೋದಾಗ ಇಟ್ಟು, ಅದನ್ನ ತಗೊಂಡು ಹಾಂಗ ಉದಗೀರಕ್ಕ ಹೋಗ್ತೀನಿ."

"ನನ್ನ ತಂಗಿ ಮನ್ಯಾಗ ಕಳ್ಳತನ ಮಾಡ್ಲಿಕ್ಕ ಹೊಂಟಿ. ತಡಿ, ನಾನೂ ಬರ್ತೀನಿ."

ಭಾನುವಾರ ಶೇಂಗಾ ಚಟ್ನಿಯ ಡಬ್ಬಿ ನೆಪಕ್ಕೆ ಹಿಡಿದು ನಿಲಂಗಾಕ್ಕೆ ಹೋದೆವು. ಗಂಗವ್ವ ಬಾಗಿಲಲ್ಲಿಯೇ ನನ್ನ ಎರಡೂ ಕೈ ಹಿಡಿದುಕೊಂಡಳು. ಓಣಿಯ ಹೆಂಗಸರು ತಮ್ಮ ತಮ್ಮ ಕಟ್ಟೆಗೆ ಬಂದರು.

"ವೈನಿ, ಅಕ್ಕಿ ಆರಿಸ್ಲಿಕ್ಕ ಕುಂತಾಗ ನೋಡಿದೆ. ಎರಡು ರೂಪಾಯಿ! ಒಂದು ಎಲ್ಲರ ಮುಂದ, ಒಂದು ಯಾರಿಗೂ ಕಾಣದಂಗ ಅಕ್ಕಿಯೊಳಗ. ಅವ್ವ ಹೋದ ಮ್ಯಾಲೆ ನನ್ನ ತವರ ಮನಿ ಮುಗೀತು ಅಂತಿದ್ದೆ. ನಿಮ್ಮನ್ನ ಜಿಪುಣಿ ಅಂತನೂ ಅಂದೀನಿ, ಈ ಓಣಿ ತುಂಬ ಅಂದೀನಿ. ತಪ್ಪಾತು ನಂದು."

ನಾನು ಏನಂತ ಹೇಳಲಿ? ಜಿಪುಣಿ ಅನ್ನುವುದೇ ಸರಿ, ತಿರುಗಿ ಕೊಡು ಅನ್ನಲೇ?

"ಅದರಾಗೇನವ್ವಾ" ಅಂದೆ. ಯಜಮಾನರು ಹಿಂದೆ ಕೆಮ್ಮಿದರು.

"ನೋಡ್ರಿ" ಎಂದು ಆಕೆ ಸೆರಗು ಸರಿಸಿದಳು. ಕರಿಮಣಿಯ ಕೆಳಗೆ ರೂಪಾಯಿ ತೂಗುತ್ತಿತ್ತು. "ಬಾಜೂ ಮನಿ ಸೋನಾರ ಇವತ್ತ ಮುಂಜಾನಿ ಕೊಂಡಿ ಬೆಸೆದು ಕೊಟ್ಟಾನ. ಒಂದು ಪೆಟ್ಟಿಗ್ಯಾಗ ಇಟ್ಟೀನಿ. ಅಕ್ಕಿಯೊಳಗಿಂದು ಕೊರಳಿಗೆ ಹಾಕ್ಕೊಂಡೀನಿ."

ಹತ್ತಿರ ಹೋಗಿ ನೋಡಿದೆ. ಅರ್ಧ ಅಕ್ಷರ. ಬೆಸುಗೆ ಸರಿಯಾಗಿ ಎರಡು ಮಿನಾರುಗಳನ್ನು ನುಂಗಿ ಕುಳಿತಿತ್ತು. ನಾನು ಬಿಟ್ಟ ಉಸಿರು ಗಂಗವ್ವನ ಕೊರಳಿಗೆ ತಾಗಿರಬೇಕು. ಆಕೆಗೂ ಕಣ್ಣಲ್ಲಿ ನೀರು ಬಂತು. ಇಬ್ಬರೂ ತಬ್ಬಿಕೊಂಡು ಅತ್ತೆವು. ಓಣಿಯ ಹೆಂಗಸರೂ ಕಣ್ಣು ಒರೆಸಿಕೊಂಡರು. ಬೇರೆ ಬೇರೆ ಕಾರಣಕ್ಕೆ ಅಷ್ಟು ಒಮ್ಮತದಿಂದ ಅತ್ತವರನ್ನು ನಾನು ಕಂಡಿಲ್ಲ.

ರಾತ್ರಿ ಅಲ್ಲಿಯೇ ಉಳಿದೆವು. ಸೋಮವಾರ ಉದಗೀರಕ್ಕೆ ಹೋಗಿ ಸಾಹೇಬರಿಗೆ ಇಲ್ಲವೆಂದು ಹೇಳುವುದು ಮರ್ಯಾದೆ ಎಂದು ಯಜಮಾನರೇ ಎಬ್ಬಿಸಿದರು. ಸರಾಫರ ಗಾದಿಯ ಮೇಲೆ ಬಿಳಿ ಗಡ್ಡದ ಸಾಹೇಬರು ಕುಳಿತಿದ್ದರು. ಅವರ ಮುಂದೆ ಮಖಮಲ್ಲಿನ ಪೆಟ್ಟಿಗೆ. ಸರಾಫರು ನನ್ನನ್ನು ನೋಡಿ ಯಾಕೋ ತಕ್ಕಡಿ ಒರೆಸತೊಡಗಿದರು.

"ಅಕ್ಕಾ, ಭಾವ ಇಳೀತು. ಕಲಬುರ್ಗಿ ಕಡಿ ಒಂದು ಮನಿ ಗ್ವಾಡಿಯೊಳಗ ಗಡಗಿ ಸಿಕ್ಕದ. ಅದರ ತುಂಬ ಅರ್ಧ ಅಕ್ಷರದ್ವ. ಈಗ ಮೂರು ರೂಪಾಯಿಗೆ ಒಂದು. ನಿಮ್ಮದು ತಂದೀರೇನು?"

ಯಜಮಾನರು ನನ್ನ ಕಡೆ ನೋಡಲಿಲ್ಲ. ಅವರು ಮಾಡಿದ ಉಪಕಾರಗಳಲ್ಲಿ ಅದು ದೊಡ್ಡದು.

ಎದ್ದು ಬರಬೇಕಾಗಿತ್ತು. ಆದರೆ ನನಗೆ ಸಾಹೇಬರನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಅವರ ಮನೆ ಎಲ್ಲಿ ಎಂದು ಕೇಳಿದೆ. ಚಾರ್‌ಮಿನಾರಿನ ಬೆನ್ನಿಗೇ ಎಂದರು. ಬಾಗಿಲೊಳಗೆ ಏನಿದೆ ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡು ಯೋಚಿಸಿದರು. ದಿನಾ ಹಾದುಹೋಗುವವರಿಗೆ ಯಾರೂ ಹಾಗೆ ಕೇಳಿರಲಿಕ್ಕಿಲ್ಲ.

"ಅಂದರ್ ಕುಛ್ ನೈ, ಅಮ್ಮಾ" ಅಂದರು. ಒಳಗೆ ಏನೂ ಇಲ್ಲ. ನಾಲ್ಕೂ ಕಡೆ ಬಾಗಿಲು, ಈ ಕಡೆಯಿಂದ ಹೋದರೆ ಆ ಕಡೆ ಹೊರಗೆ ಬರುತ್ತೀರಿ.

ಒಳಗೆ ಏನೂ ಇಲ್ಲ ಎಂದು ಕೇಳಿದ ಮೇಲೆ ಆಸೆ ತಣ್ಣಗಾಗಬೇಕಿತ್ತು. ಹೆಚ್ಚಾಯಿತು. ಇಷ್ಟು ವರ್ಷ ಒಂದೇ ಬಾಗಿಲು ಅಂದುಕೊಂಡಿದ್ದೆ. ರೂಪಾಯಿಯಲ್ಲಿ ಒಂದೇ ಕಡೆ ಕಾಣುತ್ತದಲ್ಲ.

ಬಸ್ಸಿನಲ್ಲಿ ಲಾಭ ನಷ್ಟ ಮನಸ್ಸಿನಲ್ಲಿಯೇ ತೂಗಿದೆ. ಪ್ರಯಾಣ ಹೋಯಿತು, ರೂಪಾಯಿ ಹೋಯಿತು. ಉಳಿದದ್ದು ಉದಾರಿ ವೈನಿ ಎಂಬ ಹೆಸರು. ಅದನ್ನು ಕೊಳ್ಳುವ ಸರಾಫರು ಉದಗೀರದಲ್ಲಿಯೂ ಇಲ್ಲ, ಮುಂದಿನ ಸಲ ಗಂಗವ್ವನ ಉಡಿಗೆ ಮೂರು ರೂಪಾಯಿ ಹಾಕದಿದ್ದರೆ ಅದೂ ಉಳಿಯುವುದಿಲ್ಲ.

ಆ ರಾತ್ರಿಯೂ ನಿಲಂಗಾದಲ್ಲಿ ಇಳಿದು ಗಂಗವ್ವನ ಮನೆಯಲ್ಲಿಯೇ ಉಳಿದೆವು. ಪುಂಡಿ ಪಲ್ಯ, ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಮೇಲೆ ಮಜ್ಜಿಗೆ. ಯಜಮಾನರು ನಾಲ್ಕು ರೊಟ್ಟಿ ಉಂಡರು, ನಾನು ಎರಡು. ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡ ಮೇಲೆ ಅವರು ಮೆಲ್ಲಗೆ ಕೇಳಿದರು.

"ಆ ಬಾಗಲದಾಗ ಎತ್ತಿನ ಗಾಡಿ ಹೋಗ್ತದಂತೇನು?"

"ಕೇಳಲಿಲ್ರಿ" ಅಂದೆ.

"ಕೇಳಬೇಕಿತ್ತು" ಅಂದರು.

ಹೋಗುತ್ತದೆಯೋ ಇಲ್ಲವೋ, ನಾನು ಮನಸ್ಸಿನಲ್ಲಿಯೇ ಗಾಡಿ ಹೂಡಿ ಆ ಕಡೆಯವರೆಗೂ ಹೋಗಿ ನೋಡುವಷ್ಟರಲ್ಲಿ ಅವರ ಗೊರಕೆ ಶುರುವಾಯಿತು. ಮೊದಲು ಮಲಗಿದವರು ಅವರು.